ಕುಳ್ಳಿನೊಳಗಿನ ಕುಂಬಳ

ನನಗೊಂದು ಚಟವಿದೆ. ಚಪ್ಪಲಿ, ಪರ್ಸು, ಫ್ಲಾಸ್ಕು, ಹೊಸದಾಗಿ ಏನೇ ಮನೆಗೆ ಬಂದರೂ ಅದರ ಡಬ್ಬಿಯ ಮೂಲೆಯಲ್ಲಿ ಪಸೆ ಹೀರುವ, ಸಾಬೂದಾಣಿಯಂಥ ಹರಳು ತುಂಬಿದ ಪುಟ್ಟ ಪುಡಿಕೆಯೊಂದು ಇರುತ್ತದಲ್ಲ, ಮೇಲೆ ‘ತಿನ್ನಬಾರದು’ ಎಂದು ಬರೆದಿರುತ್ತಾರಲ್ಲ, ಅದನ್ನು ನಾನು ಎತ್ತಿಟ್ಟುಕೊಳ್ಳುತ್ತೇನೆ. ಕಳೆದ ತಿಂಗಳು ಚಿಕ್ಕೋಡಿಯಲ್ಲಿ ಮಗಳಿಗೆ ಚಪ್ಪಲಿ ಕೊಳ್ಳಲು ಹೋದಾಗ, ಅವಳು ಕನ್ನಡಿಯ ಮುಂದೆ ನಾಲ್ಕು ಹೆಜ್ಜೆ ನಡೆದು ನೋಡುವಷ್ಟರಲ್ಲಿ ನಾನು ಪಕ್ಕದಲ್ಲಿದ್ದ ಖಾಲಿ ಡಬ್ಬಿಗಳನ್ನೆಲ್ಲ ತಡಕಾಡಿ ಐದಾರು ಪುಡಿಕೆ ಸಂಪಾದಿಸಿದ್ದೆ. “ಅವ್ವಾ, ಮಂದಿ ಏನ ಅಂದಾರು?” ಎಂದು ಮಗಳು ಪಿಸುಗುಟ್ಟಿದಳು. ಮಂದಿ ಏನೂ ಅನ್ನಲಿಲ್ಲ. ಅಂಗಡಿಯ ಯಜಮಾನರೇ ಒಳಗಿನಿಂದ ಒಂದು ಮುಷ್ಟಿ ತಂದು ನನ್ನ ಕೈಗೆ ಹಾಕಿ, “ತಿನ್ನಬ್ಯಾಡ್ರಿ ಮತ್ತ” ಎಂದರು.

ಈ ಪುಡಿಕೆಗಳೆಲ್ಲ ಹೋಗಿ ಸೇರುವುದು ನಮ್ಮ ಫ್ರಿಜ್ಜಿನ ಹಿಂದಿನ ಮೂಲೆಯ ಗಾಜಿನ ಬಾಟಲಿಗಳಿಗೆ. ಒಂದರಲ್ಲಿ ಬದನೆ ಬೀಜ, ಒಂದರಲ್ಲಿ ಚವಳಿಕಾಯಿಯದು, ಒಂದರಲ್ಲಿ ಪುಂಡಿಪಲ್ಯದ್ದು. ತಂಪು ನೀರು ಹುಡುಕಿಕೊಂಡು ಬಂದ ಬೀಗರಿಗೆ ಮೊದಲು ಸಿಗುವುದು ಇವೇ. ನಮ್ಮ ಯಜಮಾನರು ಒಮ್ಮೆ ಬಿತ್ತನೆಗೆಂದು ಆರಿಸಿಟ್ಟ ಕೊತ್ತಂಬರಿ ಬೀಜವನ್ನು ನೆಗಡಿಯ ಕಷಾಯಕ್ಕೆ ಕುಟ್ಟಿ ಹಾಕಿ ಕುಡಿದು, ಎರಡು ದಿನ ನನ್ನ ಮೋರೆ ನೋಡಲಾರದೆ ಓಡಾಡಿದ್ದರು. ಅವರನ್ನು ಬೈಯುವ ಹಕ್ಕು ನನಗಿರಲಿಲ್ಲ ಅನ್ನುವುದು ಬೇರೆ ಮಾತು. ಬೀಜದ ವಿಷಯದಲ್ಲಿ ನಾನು ಮಾಡಿದ ಘನಕಾರ್ಯದ ಮುಂದೆ ಅವರದು ಏನೇನೂ ಅಲ್ಲ.

ಬೀಜ ಹಿಡಿಯುವ ಮನೆಯಲ್ಲಿ ಹುಟ್ಟಿದವಳಲ್ಲ ನಾನು. ಹುಟ್ಟಿ ಬೆಳೆದದ್ದು ನಿಪ್ಪಾಣಿಯಲ್ಲಿ, ತಂಬಾಕು ತುಂಬಿಡುವ ವಖಾರಿಗಳ ಓಣಿಯಲ್ಲಿ. ಅಪ್ಪ ವಖಾರಿಯೊಂದರಲ್ಲಿ ತಂಬಾಕಿನ ಎಲೆ ಆರಿಸುವ ಕೆಲಸ ಮಾಡುತ್ತಿದ್ದ. ನಮ್ಮ ಓಣಿಗೆ ಬಂದವರು ಮೊದಲು ಸೀನುತ್ತಿದ್ದರು, ಆಮೇಲೆ ‘ಆರಾಮ ಅದೀರೇನ್ರಿ’ ಎಂದು ಕೇಳುತ್ತಿದ್ದರು. ಅವ್ವನಿಗೆ ತಂಬಾಕಿನ ಪುಡಿಯ ಮೇಲೆ ಬಹಳ ಭರವಸೆ. ಸೀರೆಯ ಟ್ರಂಕಿಗೆ ಹುಳ ಬರಬಾರದೆಂದು ತಂಬಾಕು, ಹಾಸಿಗೆಯ ಕೆಳಗೆ ತಗಣೆ ಸೇರಬಾರದೆಂದು ತಂಬಾಕು, ಬೆಳಿಗ್ಗೆ ಹಲ್ಲುಜ್ಜಲು ಅದನ್ನೇ ಹುರಿದು ಪುಡಿ ಮಾಡಿದ ಮಿಶ್ರಿ. ಹಿತ್ತಲೆಂದರೆ ನಮ್ಮ ಮನೆಯಲ್ಲಿ ಎರಡು ಹಾಸುಗಲ್ಲು ಮತ್ತು ಒಂದು ತುಳಸಿ.

ನನ್ನ ಕೃಷಿಜ್ಞಾನವೂ ಆ ಹಿತ್ತಲಿಗೆ ಒಪ್ಪುವಂತೆಯೇ ಇತ್ತು. ಮೂರನೆಯ ತರಗತಿಯಲ್ಲಿದ್ದಾಗ, ಬೀಜ ಊರಿದರೆ ಗಿಡವಾಗುತ್ತದೆಂದು ಬಾಯಕ್ಕೋರು ಹೇಳಿದ್ದನ್ನು ಕೇಳಿ, ಸಂತೆಯಿಂದ ತಂದ ಶೇಂಗಾದಲ್ಲಿ ನಾಲ್ಕು ಕಾಳು ಉಳಿಸಿ ಹಾಲಿನ ಪುಡಿಯ ಡಬ್ಬಿಯಲ್ಲಿ ಊರಿದೆ. ಹನ್ನೆರಡು ದಿನ ನೀರು ಹಾಕಿದೆ. ದಿನಾ ಬೆಳಿಗ್ಗೆ ಎದ್ದು ಡಬ್ಬಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಕಾಯುತ್ತಿದ್ದೆ. ಹದಿಮೂರನೆಯ ದಿನ ಅವ್ವ ಸೆರಗಿನಿಂದ ಕೈ ಒರೆಸುತ್ತ ಬಂದು ನೋಡಿ, “ಅಗಂ ಬಾಯಿ! ಹುರದದ್ದು ಎಂದಾರ ಹುಟ್ಟತೈತೇನಬೇ?” ಎಂದು ನಕ್ಕಳು. ನಾನು ಊರಿದ್ದು ಹುರಿದ ಶೇಂಗಾ.

ಇಂಥವಳನ್ನು ಎಂಬತ್ತರ ದಶಕದ ನಡುವೆ ರಾಯಬಾಗದ ಹತ್ತಿರದ ಒಂದು ಹಳ್ಳಿಗೆ, ಕಬ್ಬಿನ ಹೊಲಗಳ ನಡುವಿನ ಮನೆಗೆ ಕೊಟ್ಟರು. ಯಜಮಾನರು ಸಕ್ಕರೆ ಕಾರಖಾನೆಯಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಹೊಲ ಮಾವನವರದು. ಹಿತ್ತಲು ಮಾತ್ರ ಪೂರ್ತಿ ಅತ್ತೆಯದು. ಊರಿನವರೆಲ್ಲ ‘ಬಾಳಕ್ಕ’ ಎಂದು ಕರೆಯುತ್ತಿದ್ದ ಅವರು ಎತ್ತರದ, ಮಾತು ಕಡಿಮೆಯ ಹೆಂಗಸು. ಅಥಣಿ ಕಡೆಯ ಅನಂತಪುರದಿಂದ ಹದಿನಾಲ್ಕನೆಯ ವಯಸ್ಸಿಗೆ ಸೊಸೆಯಾಗಿ ಬಂದವರು.

ಅವರು ಬೀಜ ಇಡುವುದನ್ನು ಮೊದಲ ಸಲ ನೋಡಿದಾಗ ನಾನು ಬಾಯಿ ತೆರೆದುಕೊಂಡೇ ನಿಂತಿದ್ದೆ. ಅಡಿಗೆಮನೆಯ ಕತ್ತಲ ಮೂಲೆಯಲ್ಲಿ ಅಡಕಲು ಗಡಿಗೆಗಳು, ದೊಡ್ಡದರ ಮೇಲೆ ಸಣ್ಣದು, ಅದರ ಮೇಲೆ ಇನ್ನೂ ಸಣ್ಣದು, ಹೀಗೆ ಜಂತೆಯ ತನಕ. ಅವರೆ, ಚವಳಿ ಎಲ್ಲ ಜರಡಿ ಹಿಡಿದ ಕುಳ್ಳಿನ, ಅಂದರೆ ಬೆರಣಿಯ, ಬೂದಿಯಲ್ಲಿ ಹೊರಳಿ ಒಳಗೆ ಮಲಗಿರುತ್ತಿದ್ದವು. ಗಡಿಗೆಯ ತಳಕ್ಕೊಂದು, ಬಾಯಿಗೊಂದು ಹಿಡಿ ನೆರಳಲ್ಲಿ ಒಣಗಿಸಿದ ಬೇವಿನ ಎಲೆ, ಮೇಲೆ ಮುಚ್ಚಳ, ಮುಚ್ಚಳದ ಸುತ್ತ ಸೆಗಣಿ ಮತ್ತು ಮಣ್ಣಿನ ಮೆತ್ತಿಗೆ. ಹೀರೆಕಾಯಿ ಬಿಚ್ಚದೆ ಹಾಗೆಯೇ ಜಂತೆಗೆ ತೂಗುತ್ತಿತ್ತು, ಗಾಳಿ ಬೀಸಿದರೆ ಒಳಗೆ ಗಲಗಲ ಅನ್ನುತ್ತಿತ್ತು. ಸೋರೆಯ ಬುರುಡೆ ಒಲೆಯ ಮೇಲಿನ ಹೊಗೆಯಲ್ಲಿ ಕರ್ರಗಾಗಿ ತೂಗುತ್ತ ತನ್ನ ಬೀಜವನ್ನು ತಾನೇ ಕಾಯುತ್ತಿತ್ತು. ಬದನೆಯನ್ನು ಗಿಡದಲ್ಲೇ ಹಳದಿಯಾಗುವ ತನಕ ಬಿಟ್ಟು, ಕಿವುಚಿ ನೀರಿಗೆ ಹಾಕಿ, ತೇಲಿದ ಬೀಜ ಚೆಲ್ಲಿ ಮುಳುಗಿದ್ದನ್ನು ಇಡುತ್ತಿದ್ದರು.

ಬೀಜ ಒಣಗಿತೋ ಇಲ್ಲವೋ ನೋಡಲು ಅವರ ಹತ್ತಿರ ಇದ್ದ ಯಂತ್ರ ಅವರ ಮುಂದಿನ ಹಲ್ಲು. ಕಚ್ಚಿದರೆ ‘ಟಕ್’ ಅನ್ನಬೇಕು. ಮೆತ್ತಗೆ ಹಲ್ಲು ಊರಿದರೆ ಇನ್ನೆರಡು ದಿನ ನೆರಳು. ಗಡಿಗೆಯ ಬಾಯಿ ತೆರೆಯುವಾಗ ಸೆರಗಿನಿಂದ ತಮ್ಮ ಬಾಯಿ ಮುಚ್ಚಿಕೊಳ್ಳುತ್ತಿದ್ದರು. ದೇವರ ಮುಂದೆಯೂ ಹಾಗೆ ನಿಂತದ್ದನ್ನು ನಾನು ಕಂಡಿರಲಿಲ್ಲ. ಯಾಕೆ ಎಂದು ಕೇಳಿದೆ.

“ಉಸರ ಹಸಿ ಇರತೈತಿ” ಎಂದರು. ಮಾತು ಮುಗಿಯಿತು.

ನನಗೂ ಉಮೇದು ಬಂತು. ಒಂದಿಷ್ಟು ಟೊಮ್ಯಾಟೊ ಬೀಜ ತೊಳೆದು, ಒಂದೇ ದಿನ ಬಿಸಿಲಿಗಿಟ್ಟು, ತವರಿನಿಂದ ತಂದ ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಹಾಕಿ, ಗಡಿಗೆಗಿಂತ ಇದು ಎಷ್ಟು ಚಂದ ನೋಡ್ರಿ ಎಂದು ಅತ್ತೆಗೆ ತೋರಿಸಿದೆ. ಅವರು ಬಾಟಲಿಯನ್ನು ತಿರುಗಿಸಿ ನೋಡಿ ವಾಪಸು ಕೊಟ್ಟರು. ಇಪ್ಪತ್ತು ದಿನಕ್ಕೆ ಬಾಟಲಿಯೊಳಗೆ ಬೆಕ್ಕಿನ ಮರಿಯ ತುಪ್ಪಳದಂಥ ಬೂಷ್ಟು ಬೆಳೆದಿತ್ತು. ಆಗ ಅತ್ತೆ ನನ್ನನ್ನು ಕೂರಿಸಿಕೊಂಡು ಹೇಳಿದ ಮಾತನ್ನು ನಾನು ಇವತ್ತಿಗೂ ಮರೆತಿಲ್ಲ.

“ಬೀಜ ಸತ್ತಿರೂದಿಲ್ಲ ಯವ್ವಾ, ಮಲಗಿರತೈತಿ. ನೀರ ಕುಡದ ಮಲಗಿದಾಕಿಗೆ ನಡುವ ಎಚ್ಚರ ಆಗೂದಿಲ್ಲೇನ? ಹಂಗ. ಅರಿಬರಿ ಎಚ್ಚರಾತಂದ್ರ ಅತ್ತಾಗ ನಿದ್ದಿನೂ ಇಲ್ಲ, ಇತ್ತಾಗ ಬೆಳಕೂ ಇಲ್ಲ. ಅಲ್ಲೇ ಸಾಯತೈತಿ.”

ಶಾಲೆಗೆ ಹೋಗದ ಆ ಬಾಯಿಂದ ಅದನ್ನು ಕೇಳಿದ ಮೇಲೆ ಅಡಕಲಿನ ಮೂಲೆಗೆ ಹೋಗುವಾಗ ನನ್ನ ಹೆಜ್ಜೆ ತಾನಾಗಿ ಮೆಲ್ಲಗಾಗುತ್ತಿತ್ತು. ಅಷ್ಟೊಂದು ಜೀವ ಅಲ್ಲಿ ಉಸಿರು ಬಿಗಿಹಿಡಿದು ಮಲಗಿದೆ ಅನ್ನಿಸುತ್ತಿತ್ತು.

ಈಗ ಕುಂಬಳಕ್ಕೆ ಬರುತ್ತೇನೆ. ಅತ್ತೆ ಮದುವೆಯಾಗಿ ಬರುವಾಗ ಅವರ ಅವ್ವ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಅಡಿಕೆಯ ಜೊತೆ ಐದು ಕುಂಬಳದ ಬೀಜ ಹಾಕಿ ಕಳಿಸಿದ್ದರಂತೆ. ಅದರ ಸಂತತಿಯೇ ನಮ್ಮ ಹಿತ್ತಲ ಕುಂಬಳ. ಮೇಲೆ ಬೂದಿ ಬಣ್ಣ, ಕೊಯ್ದರೆ ಒಳಗೆ ಕುಂಕುಮ. ಬೆಲ್ಲ ಅರ್ಧ ಹಾಕಿದರೂ ಗಾರಿಗೆ ಸಿಹಿಯಾಗುತ್ತಿತ್ತು. ಈ ಒಂದು ಬೀಜವನ್ನು ಮಾತ್ರ ಅತ್ತೆ ಬೂದಿಯಲ್ಲಿ ಇಡುತ್ತಿರಲಿಲ್ಲ. ಅವರ ಅವ್ವ ಮಾಡಿದಂತೆಯೇ, ಬೀಜಕ್ಕೆಂದು ಬಿಟ್ಟ ಒಂದೇ ಕಾಯಿಯನ್ನು ಶಿವರಾತ್ರಿಯ ಸುಮಾರಿಗೆ ಕೊಯ್ದು, ಬೀಜ ಒಣಗಿಸಿ, ಹಸಿ ಸೆಗಣಿಯಲ್ಲಿ ಏಳೆಂಟು ಬೀಜ ಒತ್ತಿ ಸಣ್ಣ ರೊಟ್ಟಿಯಷ್ಟಗಲ ತಟ್ಟಿ ದನದ ಕೊಟ್ಟಿಗೆಯ ಒಳಗೋಡೆಗೆ ಹಚ್ಚುತ್ತಿದ್ದರು. ಜೂನಿನಲ್ಲಿ ಮಿರಗದ ಮಳೆ ಬಂದಾಗ ಗೋಡೆಯಿಂದ ಕಿತ್ತು, ಹಾಗೆಯೇ ಮುರಿದು ಗುಣಿಯಲ್ಲಿ ಊರುವುದು. ಗೊಬ್ಬರವೂ ಅದೇ, ತೊಟ್ಟಿಲೂ ಅದೇ.

ಅವರಿಗೆ ಇನ್ನೊಂದು ರೂಢಿಯಿತ್ತು. ಮನೆಯಿಂದ ತವರಿಗೆ ಹೊರಟ ಯಾವ ಹೆಣ್ಣುಮಗಳಿಗೇ ಆಗಲಿ ಉಡಿ ತುಂಬುವಾಗ ಈ ಬೀಜ ಐದು ಹಾಕುವುದು. ಬೀಜ ಮಾರಬಾರದು, ಕೊಡಬೇಕು, ಪಡೆದವರು ಮೊದಲ ಬೆಳೆಯ ಒಂದು ಕಾಯಿ ಕೊಟ್ಟವರಿಗೆ ತಂದು ಒಪ್ಪಿಸಬೇಕು ಎನ್ನುವುದು ಅವರ ಕಾಯಿದೆ. ಮದುವೆಯಾದ ವರ್ಷ ನಾನು ನಾಗರ ಪಂಚಮಿಗೆ ನಿಪ್ಪಾಣಿಗೆ ಹೊರಟಾಗ ನನ್ನ ಉಡಿಗೂ ಬಿದ್ದವು. ನಾನು ತವರು ಸೇರಿದ ಕೂಡಲೇ ಉಡಿಯನ್ನು ಅವ್ವನ ಕೈಗೆ ಸುರುವಿ, ಜೋಕಾಲಿ ಆಡಲು ಓಡಿದೆ. ಆ ವಾರವಿಡೀ ಹುರಿದ ಕುಂಬಳದ ಬೀಜ ಸುಲಿದು ತಿನ್ನುತ್ತ ಗೆಳತಿಯರೊಂದಿಗೆ ಹರಟಿದ್ದು ನನಗೆ ಚೆನ್ನಾಗಿ ನೆನಪಿತ್ತು.

ಮರುವರ್ಷ ಮೇ ತಿಂಗಳು. ನಾದಿನಿ ಮಕ್ಕಳನ್ನು ಕರೆದುಕೊಂಡು ಬೇಸಿಗೆಯ ಸೂಟಿಗೆ ಬಂದಿದ್ದಳು. ಹಿಂದಿನ ಸಂಜೆ ಗುಡುಗು ಸಹಿತ ಅಡ್ಡಮಳೆ ಬಿದ್ದು ಹೊರಗಿನ ಕುಳ್ಳಿನ ಬಣವೆಯೆಲ್ಲ ತೊಯ್ದು ತೊಪ್ಪೆಯಾಗಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ನೀರು ಕಾಯಿಸುವ ಬಂಬಿಗೆ ಉರಿ ಹಾಕಿ, ಬಂದವರಿಗೆ ಬಿಸಿನೀರು ಸಿದ್ಧ ಮಾಡಿ, ನಿಪ್ಪಾಣಿಯ ಸೊಸೆ ಎಷ್ಟು ಹುಷಾರಿ ಅನ್ನಿಸಿಕೊಳ್ಳುವ ಆಸೆ ನನಗೆ. ಒಣಗಿದ ಕುಳ್ಳು ಹುಡುಕುತ್ತ ಕೊಟ್ಟಿಗೆಗೆ ಹೋದೆ. ಒಳಗೋಡೆಯ ಮೇಲೆ ಹತ್ತು ಹನ್ನೆರಡು ಕುಳ್ಳು, ಪುಟ್ಟಪುಟ್ಟವು, ದುಂಡಗೆ, ಕರಕರ ಒಣಗಿ ನನಗೇ ಕಾದಂತೆ ಇದ್ದವು. ಅದಕ್ಕೆ ಹಿಂದಿನ ಶಿವರಾತ್ರಿಗೆ ನಾನು ತವರಿನಲ್ಲಿದ್ದೆ, ಅತ್ತೆ ಅವನ್ನು ತಟ್ಟಿದ್ದು ನೋಡಿರಲಿಲ್ಲ. ಕುಳ್ಳಿನಲ್ಲಿ ಬೀಜ ಇರುತ್ತದೆಂದು ಯಾರೂ ನನಗೆ ಹೇಳಿರಲಿಲ್ಲ. ನೀರು ಒದ್ದೆ ಇರುತ್ತದೆಂದು ಯಾರಾದರೂ ಯಾರಿಗಾದರೂ ಹೇಳುತ್ತಾರೆಯೇ? ಆ ಮನೆಯಲ್ಲಿ ಅದು ಅಂಥ ಮಾತು.

ಎಲ್ಲವನ್ನೂ ಕಿತ್ತು ತಂದು ಒಟ್ಟಿದೆ. ಚಂದ ಉರಿ ಎದ್ದಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಪಟ್ ಪಟ್ ಎಂದು ಸಿಡಿಯತೊಡಗಿತು. ಆಮೇಲೆ ವಾಸನೆ ಬಂತು. ಹುರಿದ ಕುಂಬಳದ ಬೀಜದ ಘಮಘಮ ವಾಸನೆ. ನನಗೆ ನಿಪ್ಪಾಣಿಯ ಪಂಚಮಿ ನೆನಪಾಗಿ ಬಾಯಲ್ಲಿ ನೀರೂರಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ.

ಅತ್ತೆ ಎಮ್ಮೆ ಹಿಂಡುತ್ತಿದ್ದವರು ತಂಬಿಗೆ ಕೆಳಗಿಟ್ಟು ಎದ್ದು ಬಂದರು. ಉರಿ ನೋಡಿದರು. ಕೊಟ್ಟಿಗೆಯ ಕಡೆಗೆ ನೋಡಿದರು. ಬಾಗಿಲಿನಿಂದಲೇ ಬರಿಗೋಡೆ ಕಾಣುತ್ತಿತ್ತು, ಕುಳ್ಳು ಕಿತ್ತ ಜಾಗದಲ್ಲಿ ದುಂಡನೆಯ ಕಲೆಗಳು. ಅವರು ಸೆರಗನ್ನು ಬಾಯಿಗೆ ಒಯ್ದರು. ನಾನು ಏನು ತಪ್ಪಾಯಿತೆಂದು ತಿಳಿಯದೆ ಕೈಯಲ್ಲಿ ಉರಿಯಿಂದ ಹೊರಗೆ ಉರುಳಿ ಆರಿದ ಕುಳ್ಳಿನ ಚೂರೊಂದನ್ನು ಹಿಡಿದುಕೊಂಡಿದ್ದೆ. ಅದರ ಅಂಚಿನಲ್ಲಿ ಸೀದ ಬೀಜವೊಂದು ಹೊರಗೆ ಇಣುಕುತ್ತಿತ್ತು. ಆಗ ತಿಳಿಯಿತು.

“ನೀರ ಕಾದಾವೇನ?” ಎಂದು ಕೇಳಿದರು ಅತ್ತೆ.

“ಕಾದಾವ್ರಿ ಅತ್ತಿ.”

“ಹಂಗಾರ ಹುಡುಗೂರನ್ನ ಎರಿ, ಆರಿ ಹೋದಾವು.”

ಇಷ್ಟೇ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ನಾದಿನಿಯ ಮಕ್ಕಳಿಗೆ ಅದೇ ನೀರು ಎರೆದೆ. ಆ ವರ್ಷದ ಉಳಿದ ಕಾಯಿಗಳೆಲ್ಲ ಯುಗಾದಿಯೊಳಗೇ ಅಡಿಗೆಯಾಗಿ, ಅವುಗಳ ಬೀಜ ಕೋಳಿಯ ಹೊಟ್ಟೆ ಸೇರಿತ್ತು. ಮೂರನೆಯ ದಿನ ಅತ್ತೆ ನನ್ನನ್ನು ಮೆಲ್ಲಗೆ ಕೇಳಿದರು: “ನಿನ್ನ ಉಡಿಯಾಗ ಐದ ಹಾಕಿದ್ನೆಲ್ಲ, ಪಂಚಮ್ಯಾಗ. ಅವು?” ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನಗೆ ಮುಟ್ಟಿ ನೋಡಿಕೊಳ್ಳುವ ಅಗತ್ಯವೂ ಇರಲಿಲ್ಲ. “ಹುರಕೊಂಡ ತಿಂದೇವ್ರಿ ಅತ್ತಿ” ಎಂದೆ. ಅವರು ತಲೆಯಾಡಿಸಿ ಒಳಗೆ ಹೋದರು.

ಆಮೇಲೆ ಹುಡುಕಾಟ. ನಾದಿನಿಯ ಮನೆಗೆ ಹಿತ್ತಲೇ ಇರಲಿಲ್ಲ, ಊರಲ್ಲಿ ಬೀಜ ಪಡೆದವರೂ ಅದನ್ನು ಉಳಿಸಿಕೊಂಡಿರಲಿಲ್ಲ. ಮೊದಲು ಅತ್ತೆಯ ತವರು ಅನಂತಪುರಕ್ಕೆ ಹೋದೆವು, ಅಥಣಿಯಲ್ಲಿ ಬಸ್ಸು ಬದಲಿಸಿ. ಅವರ ತಮ್ಮನ ಮನೆಯ ಹಿತ್ತಲು ಹಿತ್ತಲಾಗಿ ಉಳಿದಿರಲಿಲ್ಲ. ಬಾವಿಯ ತನಕ ಕಲ್ಲುಕಂಬ, ತಂತಿ, ದ್ರಾಕ್ಷಿ. ತಮ್ಮ ಅಕ್ಕರೆಯಿಂದ ಬುಟ್ಟಿ ತುಂಬ ಒಣದ್ರಾಕ್ಷಿ ತಂದಿಟ್ಟು, “ಕುಂಬಳ ಈಗ ಯಾರ ಹಚ್ಚತಾರಕ್ಕಾ, ಸಂತ್ಯಾಗ ಸಿಗತೈತಿ” ಎಂದ. ಅತ್ತೆ ಒಂದು ದ್ರಾಕ್ಷಿ ಬಾಯಿಗೆ ಹಾಕಿಕೊಂಡರು. ಅದಕ್ಕೆ ಬೀಜವೇ ಇರಲಿಲ್ಲ. ಬರುವಾಗ ಬಸ್ಸಿನಲ್ಲಿ ಅದನ್ನೇ ಎರಡು ಸಲ ಹೇಳಿದರು: “ಬೀಜಾನ ಇಲ್ಲಲ್ಲಬೇ ಅದಕ್ಕ!”

ಎರಡನೆಯದು ಹಾರೂಗೇರಿಯ ಹಸೀನಾಬಿ. ಗಾದಿ ತುಂಬುವ ಪಿಂಜಾರರ ಮನೆಯಾಕೆ, ಅತ್ತೆಯ ಹಳೆಯ ಗೆಳತಿ. ಹತ್ತು ವರ್ಷದ ಹಿಂದೆ ಒಯ್ದ ಬೀಜವನ್ನು ಅರಳೆಯಲ್ಲಿ ಸುತ್ತಿಟ್ಟು ವರ್ಷ ವರ್ಷ ಬೆಳೆಯುತ್ತ ಬಂದಿದ್ದಳು. “ಐತಿ ಬಾಳಕ್ಕಾ, ಯಾಕ ಅಳ್ತಿ, ಐತಿ!” ಎಂದು ಅಟ್ಟದಿಂದ ಒಂದು ಕಾಯಿ ಇಳಿಸಿದಳು. ಹೊರಗೆ ಅದೇ ಬೂದಿ ಬಣ್ಣ. ಕೊಯ್ದಾಗ ಒಳಗೆ ತೆಳು ಹಳದಿ. ಅತ್ತೆ ಒಂದು ಚೂರು ಹಸಿಯಾಗೇ ಅಗಿದು ನೋಡಿದರು.

“ಇದು ಅದಲ್ಲ ಹಸೀನಾ. ಬಾಜೂ ಮನ್ಯಾಗ ಬ್ಯಾರೆ ಕುಂಬಳಾ ಹಚ್ಚ್ಯಾರ?”

“ಹೌದಲ್ಲಕ್ಕಾ, ಗ್ವಾಡಿ ತುಂಬ ಹಬ್ಬೇತಿ.”

“ಜೇನನೊಣ ಅಡ್ಡಾಡ್ಯಾವ, ಬೀಜ ಬೆರಕಿ ಆಗೇತಿ” ಎಂದರು ಅತ್ತೆ. ಒಂದು ಹೋಳು ಅಗಿದು, ನಾಲ್ಕು ಗೋಡೆಯಾಚೆ ಯಾವ ಹೂವಿನ ಮೇಲೆ ಯಾವ ನೊಣ ಕೂತಿತ್ತೆಂದು ಹೇಳಿದ ಆ ಹೆಂಗಸನ್ನು ನಾನು ನೋಡುತ್ತ ಕೂತೆ. ನಾನು ಸುಟ್ಟದ್ದು ಏನೆಂದು ಪೂರ್ತಿ ತಿಳಿದದ್ದು ಅವತ್ತು.

ಮಿರಗ ಬಂತು. ಅತ್ತೆ ಎಂದಿನಂತೆ ಹಿತ್ತಲ ಮೂಲೆಯಲ್ಲಿ ಕುಂಬಳದ ಗುಣಿ ತೋಡಿ, ಗೊಬ್ಬರ ತುಂಬಿ, ನೀರು ಹೊಯ್ದರು. ಏನೂ ಊರಲಿಲ್ಲ. ಸಂತೆಯ ಬೀಜ ಹಾಕೋಣ ಎಂದ ಮಾವನವರಿಗೆ “ಬ್ಯಾಡ” ಎಂದರು. ಮರುವರ್ಷವೂ ಹಾಗೆಯೇ. ಅದರ ಮರುವರ್ಷವೂ. ಊಟಕ್ಕೆ ಕರೆಯುವಾಗ, ತಲೆ ಬಾಚುವಾಗ, ನನ್ನ ಬಾಣಂತನದಲ್ಲಿ, ಅವರ ಪ್ರೀತಿಯಲ್ಲಿ ಕೂದಲೆಳೆಯಷ್ಟು ಕೊರತೆ ಇರಲಿಲ್ಲ. ಕುಂಬಳದ ಹೆಸರು ಮಾತ್ರ ಆ ಮನೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ಪ್ರತಿ ಪಂಚಮಿಗೆ ನನ್ನ ಉಡಿ ತುಂಬುತ್ತಿದ್ದರು. ಅಕ್ಕಿ ಇರುತ್ತಿತ್ತು, ಕೊಬ್ಬರಿ ಇರುತ್ತಿತ್ತು, ಉತ್ತತ್ತಿ ಇರುತ್ತಿತ್ತು. ಬೀಜದ ಜಾಗಕ್ಕೆ ಅವರ ಕೈ ಒಂದು ಗಳಿಗೆ ನಿಂತು ಮುಂದೆ ಹೋಗುತ್ತಿತ್ತು. ಒಮ್ಮೆಯಾದರೂ ಬೈಯಲಿ ಎಂದು ನಾನು ಐದು ವರ್ಷ ಕಾದೆ.

ತವರಿನಲ್ಲಿ ಈ ವಿಷಯ ಹೇಳಿರಲಿಲ್ಲ. ಅವ್ವನಿಗೆ ತಿಳಿದರೆ ‘ನಾ ಏನ ಕಲಿಸಿ ಕಳಿಸಿದೆ’ ಎಂದು ಕೊರಗುತ್ತಾಳೆಂಬ ಅಂಜಿಕೆ. ಅದೇ ನನ್ನ ದೊಡ್ಡ ದಡ್ಡತನವಾಗಿತ್ತು.

ಐದನೆಯ ವರ್ಷದ ಪಂಚಮಿಗೆ ನಿಪ್ಪಾಣಿಗೆ ಹೋದಾಗ ಮಗಳಿಗೆ ಹೊಟ್ಟೆನೋವು ಬಂತು. ಅಜಿವಾನ ಹುಡುಕುತ್ತ ಅವ್ವನ ಅಡಿಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆಯುತ್ತ ಹೋದೆ. ಹಿಂದಿನ ಸಾಲಿನಲ್ಲಿ ತುಕ್ಕು ಹಿಡಿದ ಬಿಸ್ಕೀಟಿನ ಡಬ್ಬಿಯೊಂದಿತ್ತು. ಮುಚ್ಚಳ ಕಿತ್ತದ್ದೇ ತಡ, ಸೀನು ಶುರುವಾಯಿತು. ಒಳಗೆ ಅರ್ಧ ಡಬ್ಬಿ ತಂಬಾಕಿನ ಪುಡಿ. ಅದರ ನಡುವೆ ಹಸಿರು ಕುಪ್ಪಸದ ಬಟ್ಟೆಯ ಒಂದು ಸಣ್ಣ ಗಂಟು. ಕಣ್ಣು ಮೂಗು ಒರೆಸಿಕೊಳ್ಳುತ್ತ ಬಿಚ್ಚಿದೆ.

ಐದು ಕುಂಬಳದ ಬೀಜ.

“ಅವ್ವಾ, ಇವ ಯಾವು?”

“ಅಗಂ, ನಿನ್ನ ಮೊದಲನೇ ಪಂಚಮಿ ಉಡೀವು. ಅಕ್ಕಿ ಪಾಯಸಾ ಮಾಡಿದೆ, ಕೊಬ್ಬರಿ ಆತು. ಇವನ್ನೇನ ಮಾಡಲಿ? ಉಡಿಯಾಗಿಂದ ಒಗೀಬಾರದು. ಅದಕ್ಕ ಹುಳಾ ಹತ್ತಬಾರದಂತ ಇದರಾಗ ಇಟ್ಟೆ.”

“ಮತ್ತ ನಾ ತಿಂದದ್ದು?”

“ಅವು ಸಂತೀವು. ಉಡೀವನ್ನ ಯಾರರ ಹುರದ ತಿಂತಾರೇನ, ಹುಚ್ಚೀ, ವೇಡೀ?”

ಹಿತ್ತಲೇ ಇಲ್ಲದ, ಬೀಜದ ಬಗ್ಗೆ ಏನೂ ಗೊತ್ತಿಲ್ಲದ ನನ್ನ ಅವ್ವ, ಬರೀ ಸಂಪ್ರದಾಯಕ್ಕೆ ಅಂಜಿ, ಒಣ ತಂಬಾಕಿನಲ್ಲಿ ಹುಗಿದು, ಬಿಗಿ ಮುಚ್ಚಳ ಹಾಕಿ, ಕತ್ತಲ ಮೂಲೆಯಲ್ಲಿ ಇಟ್ಟು ಮರೆತಿದ್ದಳು. ಒಣಗಿರಬೇಕು, ಕತ್ತಲಿರಬೇಕು, ತಂಪಿರಬೇಕು, ಯಾರೂ ಮುಟ್ಟಬಾರದು. ಅತ್ತೆಯ ಕಾಯಿದೆಗಳೆಲ್ಲ ಅಲ್ಲಿ ಅವಳಿಗೇ ತಿಳಿಯದೆ ಪಾಲನೆಯಾಗಿದ್ದವು. ನಾನು ಮಗಳ ಹೊಟ್ಟೆನೋವನ್ನೂ ಮರೆತು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟೆ.

ಮರುದಿನವೇ ರಾಯಬಾಗದ ಬಸ್ಸು ಹಿಡಿದೆ. ಅತ್ತೆ ಬೀಜಗಳನ್ನು ಅಂಗೈಯಲ್ಲಿ ಇಟ್ಟುಕೊಂಡು, ಒಂದೊಂದನ್ನೇ ಬೆರಳಿನಿಂದ ತಿರುವಿ ನೋಡಿದರು. “ಐದ ವರ್ಷ ಅಂದ್ರ ಭಾಳ ಆತು. ಮೂರ ಊರೂಣು, ಎರಡ ಇಡೂಣು” ಎಂದರು. ಗುಣಿ ಹೇಗೂ ಸಿದ್ಧವಾಗಿತ್ತು. ಮೂರು ಊರಿದೆವು. ಅವ್ವನ ಡಬ್ಬಿ ಕೆಡಿಸಲಿಲ್ಲ, ಮಳೆ ಕೆಡಿಸಿತು. ನಾಲ್ಕು ದಿನ ಬಿಡದೆ ಹೊಯ್ದು ಗುಣಿಯಲ್ಲಿ ನೀರು ನಿಂತಿತು. ಹತ್ತನೆಯ ದಿನ ಮಣ್ಣು ಕೆದರಿದರೆ ಮೂರೂ ಕೊಳೆತು ಲೋಳೆಯಾಗಿದ್ದವು.

ಉಳಿದದ್ದು ಎರಡು. ಅತ್ತೆ ಆ ಸಲ ಮಣ್ಣಿನ ಮಾತೇ ಎತ್ತಲಿಲ್ಲ. ಎರಡನ್ನೂ ಒಂದು ಮಧ್ಯಾಹ್ನ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ, ಹಳೆಯ ಧೋತರದ ತೇವದ ತುಂಡಿನಲ್ಲಿ ಸುತ್ತಿ, ಸೀರೆಯ ಒಳಗೆ ಹೊಟ್ಟೆಗೆ ಒತ್ತಿ ಕಟ್ಟಿಕೊಂಡರು. ಹಾಗೇ ರೊಟ್ಟಿ ಬಡಿದರು, ಹಾಗೇ ಎಮ್ಮೆ ಹಿಂಡಿದರು, ಹಾಗೇ ಮಲಗಿದರು. ಒಣಗಿದರೆ ಎರಡು ಹನಿ ನೀರು. ಅರವತ್ತರ ಹತ್ತಿರ ಬಂದ ಹೆಂಗಸು ಬಸುರಿಯ ಹಾಗೆ ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ನಡೆಯುವುದನ್ನು ನೋಡಿ ಮಾವನವರೂ ನಗಲಿಲ್ಲ.

ಆರನೆಯ ದಿನ ಮುಂಜಾನೆ ನನ್ನನ್ನು ಹಿತ್ತಲಿಗೆ ಕರೆದು ಗಂಟು ಬಿಚ್ಚಿದರು. ಒಂದು ಬೀಜ ಕಪ್ಪಗಾಗಿ ಮೆತ್ತಗಾಗಿತ್ತು. ಇನ್ನೊಂದರ ಚೂಪು ತುದಿಯಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳುಪು.

ಬೂಷ್ಟು ಇರಬೇಕೆಂದು ನಾನು ಹೆದರಿದೆ. ಅಲ್ಲ. ಬೇರು. ಹಸೀನಾಬಿಯ ಅರಳೆ ಉಳಿಸಲಾರದ್ದು, ಅನಂತಪುರದ ಮಣ್ಣೇ ಮರೆತದ್ದು, ನಾನು ಉರಿಗೆ ಹಾಕಿದ್ದು, ನನ್ನ ಕಣ್ಣೆದುರಿಗೆ ಎಚ್ಚರಾಗಿ ಮೂಗು ತೂರಿಸಿತ್ತು. ದೇವರು ಇದ್ದಾನೋ ಇಲ್ಲವೋ ಎಂದು ಈಗ ಯಾರಾದರೂ ನನ್ನೆದುರು ವಾದಕ್ಕೆ ಕೂತರೆ, ನಾನು ಆ ಬಿಳುಪನ್ನು ನೆನೆಸಿಕೊಳ್ಳುತ್ತೇನೆ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಉಸಿರು ತಾಗಬಾರದೆಂದು ಅಲ್ಲ ಅನ್ನುವುದು ಅವರ ಕಣ್ಣು ನೋಡಿದಾಗ ತಿಳಿಯಿತು.

ಬಳ್ಳಿ ತಡವಾಗಿ ಹುಟ್ಟಿದರೂ ಹಟಕ್ಕೆ ಬಿದ್ದು ಬೆಳೆಯಿತು. ನಮ್ಮ ಓಣಿಯಲ್ಲಿ ಬೇರೆ ಕುಂಬಳ ಇರಲಿಲ್ಲ. ಬಾಳಕ್ಕನ ಗುಣಿ ಖಾಲಿ ಇರುವಾಗ ತಾವು ಹಚ್ಚುವುದು ಬೇಡವೆಂದು ನೆರೆಯವರೂ ಸುಮ್ಮನಿದ್ದರೆಂದು ನನಗೆ ಗೊತ್ತಾದದ್ದು ಆಮೇಲೆ. ಎಳ್ಳಮಾಸಿ ದಾಟುವಾಗ ಎರಡು ಕಾಯಿ ಬಲಿತವು. ಒಂದನ್ನು ಮಾವನವರು ಕೊಯ್ದರು. ಕುಂಕುಮ. ಅತ್ತೆ ಒಂದು ಚೂರು ಅಗಿದು, ಕಣ್ಣು ಮುಚ್ಚಿ, “ನಮ್ಮವ್ವ” ಎಂದರು, ಅಷ್ಟೇ.

ಬೀಜ ಒಣಗಿದ ದಿನ ಅತ್ತೆ ಸೆಗಣಿ ಕಲಸಿ ಕುಳ್ಳು ತಟ್ಟಿದರು. ಗೋಡೆಗೆ ಹಚ್ಚುವಾಗ ನನ್ನನ್ನು ಕರೆದರು. “ನೀ ಹಚ್ಚು” ಎಂದರು. ನಾನು ಕಿತ್ತ ಅದೇ ಗೋಡೆಗೆ, ಒಂದೊಂದಾಗಿ, ನನ್ನ ನಾಲ್ಕು ಬೆರಳಿನ ಗುರುತು ಮೂಡುವ ಹಾಗೆ ಒತ್ತಿ ಹಚ್ಚಿದೆ. ಅತ್ತೆ ಹಿಂದೆ ನಿಂತು ನೋಡುತ್ತಿದ್ದರು.

ಇನ್ನೊಂದು ಕಾಯಿ ನಿಪ್ಪಾಣಿಗೆ ಹೋಗಬೇಕಿತ್ತು. ಬೀಜ ಕೊಟ್ಟವರಿಗೆ ಮೊದಲ ಬೆಳೆಯ ಕಾಯಿ. ಹೊರಡುವ ದಿನ ಅತ್ತೆ ನನ್ನನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ. ಐದು ವರ್ಷ ತಡೆದು ಮುಂದೆ ಹೋಗುತ್ತಿದ್ದ ಆ ಕೈ ಈ ಸಲ ಅಲ್ಲಿಯೇ ನಿಂತು ಐದು ಬೀಜ ಹಾಕಿತು.

“ನಿಮ್ಮವ್ವನ ಡಬ್ಬಿ ಖಾಲಿ ಆಗೇತಿ. ತುಂಬಿ ಇಡು ಅನ್ನು.”

ಬಸ್ಸು ಬಂತು. ಕುಂಬಳಕಾಯಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬದಿ ಕೂತೆ. ಕಂಡಕ್ಟರು ಸೀಟಿ ಊದಿ ಬಸ್ಸು ಅಲುಗುವಷ್ಟರಲ್ಲಿ ಅತ್ತೆ ನಾಲ್ಕು ಹೆಜ್ಜೆ ಜೊತೆಗೆ ಓಡಿ ಬಂದು, ಕಿಟಕಿಯ ಸರಳು ಹಿಡಿದು, ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಗದರಿದರು:

“ಈ ಸಲಾನೂ ಹುರಕೊಂಡ ತಿಂದಗಿಂದೀ ಮತ್ತ, ಖೋಡೀ! ಬಂದಮ್ಯಾಲ ನಿನ್ನ ಕೈ ಮುರೀತೇನಿ!”

ಐದು ವರ್ಷ ಕಾದ ಬೈಗಳು ಕೊನೆಗೂ ಬಂದಿತ್ತು. ಚಿಕ್ಕೋಡಿ ಬರುವ ತನಕ ನಾನು ಕುಂಬಳಕಾಯಿಯ ಮೇಲೆ ತಲೆಯಿಟ್ಟು ಅಳುತ್ತಲೇ ಇದ್ದೆ.